ಸರ್ವೇ ಪಟ್ಟಿಯಲ್ಲಿ ಹೆಂಡತಿ ಎಲ್ಲಿದ್ದಾಳೆ?



ಬೂದಿಕೋಟೆಯ ಸಂಘದ ವಾರದ ಸಭೆ ಸಂಜೆ ಏಳಕ್ಕೆ ಎಂದು ಹೆಸರು. ಡೈರಿಗೆ ಹಾಲು ಹಾಕಿ, ಒಲೆಯ ಮೇಲೆ ಮುದ್ದೆಗೆ ಎಸರಿಟ್ಟು, ಮಕ್ಕಳನ್ನು ಓದಲು ಕೂರಿಸಿ ಬರುವಷ್ಟರಲ್ಲಿ ಎಂಟಾಗುತ್ತದೆ. ಉಳಿತಾಯ ಎಣಿಸಿ, ಕಂತು ಬರೆದು, ನಡಾವಳಿ ಪುಸ್ತಕಕ್ಕೆ ಎಲ್ಲರ ಸಹಿ ಆದ ಮೇಲೆ ನನಗೆ ಅರ್ಧ ಗಂಟೆ ಕೊಟ್ಟರು. ಎಚ್‌ಐವಿ ಬಗ್ಗೆ ಹೇಳಿ ಅಂದರು.

ಚರಿತ್ರೆಯ ಪುಸ್ತಕಗಳಿಗೆ ಬೂದಿಕೋಟೆ ಎಂದರೆ ಹೈದರಾಲಿ ಹುಟ್ಟಿದ ಊರು. ನನಗೆ ಮಾತ್ರ ಅದು ಸಂಘದ ಹೆಂಗಸರು ಮೈಕಿನ ಮುಂದೆ ಕೂತ ಊರು. 2003ರಲ್ಲಿ ಕೇಬಲ್ ತಂತಿಯ ಮೂಲಕ ಮನೆಮನೆಗೆ 'ನಮ್ಮ ಧ್ವನಿ' ತಲುಪಿದ್ದು ಇಲ್ಲಿಂದಲೇ. ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಜೊತೆಗಿದ್ದವು, ಮಾತು ಮಾತ್ರ ಊರಿನ ಹೆಂಗಸರದು. ಆದ್ದರಿಂದ ಇಲ್ಲಿನ ಸಂಘಗಳ ಮುಂದೆ ಮಾತಾಡುವಾಗ ಹುಷಾರಾಗಿರಬೇಕು. ಇವರು ಸುಮ್ಮನೆ ಕೇಳಿಸಿಕೊಂಡು ಹೋಗುವವರಲ್ಲ.

ನಾನು ನನ್ನ ಹಳೆಯ ಕೆಲಸದಿಂದ ಶುರು ಮಾಡಿದೆ. 2014-15ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ದೇಶದಾದ್ಯಂತ 'ಹೆಚ್ಚು ಅಪಾಯದ ಗುಂಪು'ಗಳ ದೊಡ್ಡ ಸರ್ವೇ ಮಾಡಿಸಿತು. ಆಗ ಬೇರೊಂದು ಜಿಲ್ಲೆಯಲ್ಲಿ ಒಂದು ತಂಡವನ್ನು ನಾನು ನಡೆಸಿದ್ದೆ. ಲೈಂಗಿಕ ವೃತ್ತಿಯ ಮಹಿಳೆಯರು, ಗಂಡಸರೊಡನೆ ಸಂಬಂಧವಿರುವ ಗಂಡಸರು, ಲಿಂಗತ್ವ ಅಲ್ಪಸಂಖ್ಯಾತರು, ಸೂಜಿಯಲ್ಲಿ ಮಾದಕ ವಸ್ತು ಚುಚ್ಚಿಕೊಳ್ಳುವವರು, ಇವರು ಆ ಪಟ್ಟಿಯ ಮುಖ್ಯ ಗುಂಪುಗಳು. ವಲಸೆ ಹೋಗುವ ಗಂಡಸರದು ಬೇರೆ ಲೆಕ್ಕ. ಬಸ್ ನಿಲ್ದಾಣ, ಲಾಡ್ಜು, ಹೆದ್ದಾರಿ ಬದಿ, ಹೀಗೆ ಜಾಗ ಮತ್ತು ಹೊತ್ತು ಗೊತ್ತುಮಾಡಿಕೊಂಡು ಹೋಗುತ್ತಿದ್ದೆವು. ಒಪ್ಪಿಗೆ ಕೇಳಿ, ಹೆಸರು ಬರೆಯದೆ, ಬೆರಳ ತುದಿಯ ನಾಲ್ಕು ಹನಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಲ್ಯಾಬಿಗೆ ಕಳಿಸುವುದು. ಆಮೇಲೆ ಉದ್ದನೆಯ ಪ್ರಶ್ನಾವಳಿ. ಯಾರ ಜೊತೆ, ಎಷ್ಟು ಸಲ, ಕಾಂಡೋಮ್ ಬಳಸಿದಿರಾ? ಹೊಡೆತ ತಿಂದಿದ್ದೀರಾ, ಯಾರಿಂದ?

ಫಲಿತಾಂಶವನ್ನೂ ಹೇಳಿದೆ. ಲೈಂಗಿಕ ವೃತ್ತಿಯ ಮಹಿಳೆಯರಲ್ಲಿ ನೂರಕ್ಕೆ 2.2, ಗಂಡಸರೊಡನೆ ಸಂಬಂಧವಿರುವ ಗಂಡಸರಲ್ಲಿ 4.3, ಸೂಜಿ ಚುಚ್ಚಿಕೊಳ್ಳುವವರಲ್ಲಿ 9.9. ಗೋಡೆಗೊರಗಿ ಕೂತಿದ್ದ ಒಬ್ಬಾಕೆ ಕೇಳಿದಳು: "ಅಕ್ಕಾ, ಈ ಪಟ್ಟೀಲಿ ನಾವೆಲ್ಲಿದ್ದೀವಿ?"

ನಾವು ಅಂದರೆ ತಾಳಿ ಕಟ್ಟಿಸಿಕೊಂಡವರು. ನಾನು ನಿಜ ಹೇಳಿದೆ. ಆ ಪಟ್ಟಿಯಲ್ಲಿ ನೀವಿಲ್ಲ. ನಿಮ್ಮನ್ನು ಎಣಿಸುವುದು ಬಸುರಿಯಾದಾಗ. ಗೊತ್ತುಮಾಡಿದ ಕೆಲವು ಆಸ್ಪತ್ರೆಗಳಲ್ಲಿ, ಗರ್ಭಿಣಿಯರ ಬೇರೆ ಪರೀಕ್ಷೆಗೆಂದು ತೆಗೆದ ರಕ್ತದಲ್ಲಿ ಸ್ವಲ್ಪವನ್ನು ಹೆಸರಿಲ್ಲದೆ ನೋಡುತ್ತಾರೆ, ಒಂದು ಕೇಂದ್ರದಲ್ಲಿ 400 ಜನರಂತೆ. ಅದೇ ಊರಿಗೆಲ್ಲ ಕೈಗನ್ನಡಿ. ಆ ನಮೂನೆಯಲ್ಲಿ ವಯಸ್ಸು, ಓದು, ಗಂಡನ ಕೆಲಸ ಇವೆ. ಗಂಡ ಆರು ತಿಂಗಳಿಗೂ ಮೀರಿ ಒಬ್ಬನೇ ಬೇರೆ ಊರಲ್ಲಿ ಇದ್ದನೇ ಎಂಬ ಪ್ರಶ್ನೆಯೂ ಇದೆ. ಹೊಡೆಯುತ್ತಾನೆಯೇ ಎಂಬುದು ನಾನು ನೋಡಿದ ನಮೂನೆಯಲ್ಲಿ ಇರಲಿಲ್ಲ. ಆರು ತಿಂಗಳ ಪ್ರಶ್ನೆ ಕೂಡ ನಮ್ಮ ಸೀಮೆಗೆ ಹೊಂದುವುದಿಲ್ಲ. 2001ರ ಫೆಬ್ರವರಿ 28ರಂದು ಕೋಲಾರ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್, ಬಂಗಾರಪೇಟೆಯ ಗಂಡಸರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಮನೆಗೆ ಬರುವವರು. ಊರು ಬಿಟ್ಟವರ ಲೆಕ್ಕಕ್ಕೂ ಅವರಿಲ್ಲ, ಊರಲ್ಲಿರುವವರ ಲೆಕ್ಕಕ್ಕೂ ಇಲ್ಲ.

ಸಂಘದ ಲೆಕ್ಕ ಬರೆಯುವ ಹುಡುಗಿಯ ಕೈಗೆ ಕ್ಯಾಲ್ಕುಲೇಟರ್ ಕೊಟ್ಟೆ. ದೇಶದಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರು ಸುಮಾರು 8.7 ಲಕ್ಷ ಎಂದು 2009ರ ನ್ಯಾಕೋ ಅಂದಾಜು. ಅದರಲ್ಲಿ ನೂರಕ್ಕೆ 2.2 ಎಂದರೆ ಇಪ್ಪತ್ತು ಸಾವಿರದೊಳಗೆ. 2017ರ ಅಂದಾಜಿನಂತೆ ದೇಶದಲ್ಲಿ ಎಚ್‌ಐವಿ ಇರುವವರು 21.4 ಲಕ್ಷ, ಅದರಲ್ಲಿ ಹೆಂಗಸರು ನೂರಕ್ಕೆ 42ರ ಆಸುಪಾಸು. ಒಂಬತ್ತು ಲಕ್ಷದ ಹತ್ತಿರ ಬಂತು. ವರ್ಷಗಳು ಬೇರೆ ಬೇರೆ, ಇದು ಒರಟು ಲೆಕ್ಕ, ಇಟ್ಟುಕೊಳ್ಳಿ. ಆದರೂ ಹುಡುಗಿ ಎರಡು ಸಲ ಒತ್ತಿ ನೋಡಿ ಕೇಳಿದಳು: "ಮಿಕ್ಕವರು ಯಾರಕ್ಕಾ?"

ಮಿಕ್ಕವರಲ್ಲಿ ಬಹಳ ಮಂದಿ ಹೆಂಡತಿಯರು, ವಿಧವೆಯರು. ಇದು ಹೊಸ ಸಂಗತಿಯಲ್ಲ. ಪುಣೆಯ ಗುಪ್ತರೋಗ ಚಿಕಿತ್ಸಾಲಯಗಳಿಗೆ ಬಂದ ಹೆಂಗಸರನ್ನು ಡಾ. ರಮಣ ಗಂಗಾಖೇಡ್ಕರ್ ಮತ್ತು ಸಂಗಡಿಗರು ಪರೀಕ್ಷಿಸಿ 1997ರಲ್ಲೇ ಪ್ರಕಟಿಸಿದ್ದರು. ಲೈಂಗಿಕ ವೃತ್ತಿಯವರಲ್ಲದ 391 ಹೆಂಗಸರಲ್ಲಿ ನೂರಕ್ಕೆ 13.6 ಮಂದಿಗೆ ಎಚ್‌ಐವಿ ಇತ್ತು. ಅವರಲ್ಲಿ ಹೆಚ್ಚಿನವರು ಗಂಡನನ್ನು ಬಿಟ್ಟರೆ ಬೇರೆ ಗಂಡಸನ್ನು ಕಂಡವರಲ್ಲ. ಪತಿವ್ರತೆಯಾಗಿದ್ದರೆ ಕಾಯಿಲೆ ಬಾರದು ಎಂಬ ಉಪದೇಶ ಅಂದೇ ಸತ್ತಿತ್ತು. ನಮ್ಮ ಊರುಗಳಲ್ಲಿ ಇನ್ನೂ ಅದರ ತಿಥಿ ಮಾಡಿಲ್ಲ.

ಈ ಪತ್ರಿಕೆಗೆ ಇದೆಲ್ಲ ಏಕೆ, ವರದಕ್ಷಿಣೆ, ಹೊಡೆತ ಬಡಿತದ ವಿಷಯ ಬಿಟ್ಟು ಆಸ್ಪತ್ರೆಯ ವಿಷಯಕ್ಕೆ ಏಕೆ ಹೋದಿರಿ ಎಂದು ಕೆಲವರು ಕೇಳಬಹುದು. ಅದಕ್ಕೆ ಉತ್ತರ 2008ರಲ್ಲೇ ಬಂದಿದೆ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮನೆಗಳಿಗೇ ಹೋಗಿ ರಕ್ತ ಪಡೆದಿದ್ದರು, ಗಂಡನ ಹೊಡೆತದ ಬಗ್ಗೆಯೂ ಕೇಳಿದ್ದರು. ಆ ಎರಡು ಉತ್ತರಗಳನ್ನು ಜೋಡಿಸಿ 28 ಸಾವಿರಕ್ಕೂ ಹೆಚ್ಚು ಮದುವೆಯಾದ ಹೆಂಗಸರ ಲೆಕ್ಕವನ್ನು ಜೇ ಸಿಲ್ವರ್‌ಮನ್ ಮತ್ತು ಸಂಗಡಿಗರು ತೆಗೆದರು. ಗಂಡನಿಂದ ಹಿಂಸೆ ಕಾಣದವರಲ್ಲಿ ಎಚ್‌ಐವಿ ನೂರಕ್ಕೆ 0.19. ಹೊಡೆತದ ಜೊತೆಗೆ ಹಾಸಿಗೆಯಲ್ಲೂ ಬಲವಂತ ಅನುಭವಿಸಿದವರಲ್ಲಿ 0.73. ಹೆಚ್ಚುಕಡಿಮೆ ನಾಲ್ಕು ಪಟ್ಟು. ಹೊಡೆಯುವ ಗಂಡ ಹೊರಗೂ ಹೋಗುವ ಗಂಡನಾಗಿರುವುದು ಹೆಚ್ಚು. ಹೊಡೆಸಿಕೊಳ್ಳುವವಳು "ಬೇಡ" ಎನ್ನಲಾರಳು, "ಕಾಂಡೋಮ್" ಎನ್ನಲಂತೂ ಸಾಧ್ಯವೇ ಇಲ್ಲ. ಅಂದಮೇಲೆ ಹೆಚ್ಚು ಅಪಾಯದ ಗುಂಪು ಯಾವುದು? ಕರ್ನಾಟಕದಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದು 2019-21ರ ಸಮೀಕ್ಷೆಯಲ್ಲಿ ಹೇಳಿದ ಹೆಂಗಸರು ನೂರಕ್ಕೆ 44. ಇಡೀ ದೇಶದಲ್ಲಿ ನಾವೇ ಮುಂದು.

ಹಾಗೆಂದು ಆ ಸರ್ವೇ ತಪ್ಪು, ಆ ಹೆಂಗಸರಿಗೆ ಖರ್ಚು ಮಾಡಿದ ದುಡ್ಡು ದಂಡ ಎಂದು ಯಾರೂ ತಿಳಿಯಬೇಡಿ. ಸಭೆಯಲ್ಲಿ ಒಬ್ಬರು "ಅವರಿಂದಲೇ ತಾನೇ ನಮಗೆ ಬರೋದು" ಎಂದರು. ನನಗೆ ಸಿಟ್ಟು ಬಂತು, ತಡೆದುಕೊಂಡೆ. ಮೈಸೂರಿನಲ್ಲಿ 2004ರಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರಲ್ಲಿ ನಾಲ್ವರಿಗೊಬ್ಬರಿಗೆ ಎಚ್‌ಐವಿ ಇತ್ತು. ಅವರೇ 'ಅಶೋದಯ' ಸಮಿತಿ ಕಟ್ಟಿದರು, ಪೊಲೀಸರ ಲಾಠಿಯನ್ನೂ ಗೂಂಡಾಗಳನ್ನೂ ಒಟ್ಟಾಗಿ ಎದುರಿಸಿದರು, ಕಾಂಡೋಮ್ ಇಲ್ಲದ ಗಿರಾಕಿಯನ್ನು ವಾಪಸು ಕಳಿಸಲು ಕಲಿತರು. ನಮ್ಮದೂ ಸೇರಿ ದಕ್ಷಿಣದ ರಾಜ್ಯಗಳಲ್ಲಿ 15ರಿಂದ 24 ವಯಸ್ಸಿನ ಗರ್ಭಿಣಿಯರಲ್ಲಿ ಎಚ್‌ಐವಿ 2000ದಲ್ಲಿ ನೂರಕ್ಕೆ 1.7 ಇದ್ದದ್ದು 2004ಕ್ಕೆ 1.1ಕ್ಕೆ ಇಳಿಯಿತು. ಗಿರಾಕಿಗಳು ಕಾಂಡೋಮ್ ಬಳಸತೊಡಗಿದ್ದು ಇದಕ್ಕೆ ಒಂದು ಕಾರಣ ಎಂದು ಬಲ್ಲವರು ಹೇಳುತ್ತಾರೆ. ಅಂದರೆ ಎಷ್ಟೋ ಮನೆಯ ಸೊಸೆಯರನ್ನು ಕಾಪಾಡಿದ್ದು ರಸ್ತೆಯಲ್ಲಿ ನಿಂತ ಆ ಹೆಂಗಸರ ಹಠ. ಸರ್ವೇಯಲ್ಲಿ ಒಬ್ಬಾಕೆ ನನಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಗಿರಾಕಿಗೆ ಇಲ್ಲ ಅಂತೀನಿ ಮೇಡಂ. ಮನೇಲಿರೋನಿಗೆ ಹೇಳೋಕಾಗಲ್ಲ. ಅವನು ಗಂಡ."

ಇನ್ನು ಆ ಸಭೆ ಮುಗಿದ ಮೇಲೆ ನಡೆದದ್ದು. ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಒಬ್ಬ ಹೆಣ್ಣುಮಗಳು ಹಿಂದೆಯೇ ಬಂದಳು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರ ಬದಲಿಸಿದ್ದೇನೆ. ಮದುವೆಯಲ್ಲಿ ಚಿನ್ನ ಕೊಟ್ಟಿದ್ದರು, ಬೈಕು ಕೊಟ್ಟಿದ್ದರು. ಬಸುರಿಯಾದಾಗ ಪರೀಕ್ಷೆ ಮಾಡಿಸಿದರು, ಎಚ್‌ಐವಿ ಎಂದು ಬಂತು. ಆಸ್ಪತ್ರೆಯೊಂದರಲ್ಲಿ ಯಾರೋ ಅವಳಿಗೆ ಹೇಳುವ ಮೊದಲೇ ಅತ್ತೆಗೆ ಹೇಳಿದರು. ಮನೆಯಲ್ಲಿ ಮೊದಲು ಪರೀಕ್ಷೆಯಾದದ್ದು ಅವಳಿಗೆ, ಆದ್ದರಿಂದ ಕಾಯಿಲೆ ತಂದವಳೂ ಅವಳೇ! ಗಂಡ ಪರೀಕ್ಷೆಗೆ ಹೋಗಲಿಲ್ಲ. "ನನಗೇನಾಗಿದೆ, ಗುಂಡಕಲ್ಲಿನ ಹಾಗಿದ್ದೀನಿ" ಎಂದನಂತೆ. ತಟ್ಟೆ ಲೋಟ ಬೇರೆಯಾಯಿತು. ಔಷಧಿಯ ಖರ್ಚಿಗೆ ತವರಿಂದ ದುಡ್ಡು ತಾ ಎಂದರು. ಆ ಔಷಧಿ ಸರ್ಕಾರದ ಎ.ಆರ್.ಟಿ. ಕೇಂದ್ರಗಳಲ್ಲಿ 2004ರಿಂದ ಪುಕ್ಕಟೆ! ಕೊನೆಗೆ ತವರಿಗೆ ಕಳಿಸಿ ಬಾಗಿಲು ಹಾಕಿಕೊಂಡರು. ಅವಳು ಬಿಡದೆ ಮಾತ್ರೆ ನುಂಗಿದಳು. ಮಗುವಿಗೆ ಸೋಂಕು ತಗಲಿಲ್ಲ.

ಅವಳು ಹಿಂದೆ ಬಂದದ್ದು ಇದನ್ನು ಹೇಳಲಿಕ್ಕಲ್ಲ. ಅವಳ ಗಂಡನಿಗೆ ಎರಡನೇ ಮದುವೆ ಗೊತ್ತಾಗಿತ್ತು, ಮತ್ತೆ ವರದಕ್ಷಿಣೆಯ ಮಾತಾಗಿತ್ತು. ಹುಡುಗಿ ಪಕ್ಕದ ಹಳ್ಳಿಯ ಸಂಘದ ಸದಸ್ಯೆಯ ಮಗಳು. "ಆ ಹುಡುಗಿಗೆ ಹೇಳ್ಬೇಕಲ್ಲ ಅಕ್ಕಾ. ಅವನ ರಕ್ತದ ವಿಷಯ ಎತ್ತಿದ್ರೆ ನನ್ನ ವಿಷಯ ಊರಿಗೆಲ್ಲ ಗೊತ್ತಾಗತ್ತೆ."

ನಾನು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ಒಬ್ಬರ ಸೋಂಕಿನ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಹೊರಹಾಕುವಂತಿಲ್ಲ. ತಿಳಿಸಿದರೆ ಹೊಡೆತ ಬೀಳಬಹುದು, ಮನೆಯಿಂದ ಹೊರಹಾಕಬಹುದು ಎಂಬ ಭಯವಿದ್ದಾಗ ವೈದ್ಯರು ಹೆಂಗಸಿನ ವಿಷಯವನ್ನು ಗಂಡನಿಗೂ ಹೇಳಬಾರದು ಎನ್ನುತ್ತದೆ ಅದೇ ಕಾಯ್ದೆ. ಇವಳ ವಿಷಯದಲ್ಲಿ ಆದದ್ದು ಇದಕ್ಕೆ ಪೂರ್ತಿ ಉಲ್ಟಾ. ಈಗ ನಾನೂ ಬಾಯಿ ಬಿಟ್ಟರೆ ಆಸ್ಪತ್ರೆಯವರಿಗೂ ನನಗೂ ಏನು ವ್ಯತ್ಯಾಸ? ಬಾಯಿ ಮುಚ್ಚಿಕೊಂಡರೆ ಆ ಹುಡುಗಿಯ ಗತಿ?

ದಾರಿ ತೋರಿಸಿದ್ದು ತಾಲ್ಲೂಕು ಕಾನೂನು ಸೇವಾ ಸಮಿತಿಯ ಒಬ್ಬ ವಕೀಲೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ: ವಿಚ್ಛೇದನ ಆಗಿದೆಯಾ? ಆಗಿರಲಿಲ್ಲ. ಹಾಗಿದ್ದರೆ ರಕ್ತದ ಮಾತೇ ಬೇಡ ಎಂದರು. ಹೆಂಡತಿ ಇರುವಾಗ ಇನ್ನೊಂದು ಮದುವೆ ಅಪರಾಧ, ಹಿಂದೆ ಐಪಿಸಿಯ 494, ಈಗ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ. ಎಲ್ಲರ ಕಣ್ಣೆದುರಿಗೇ ಇದ್ದ ಮಾತು, ನನಗೆ ಹೊಳೆದಿರಲಿಲ್ಲ. 'ಎಚ್‌ಐವಿ' ಎಂಬ ಶಬ್ದ ಬಂದ ಕೂಡಲೇ ಉಳಿದ ಕಾನೂನೆಲ್ಲ ಮರೆತುಹೋಗುತ್ತದೆ ನೋಡಿ.

ಮುಂದಿನ ಭಾನುವಾರ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಅವಳೇ ಆ ಮನೆಗೆ ಹೋದಳು. ಜೊತೆಗೆ ಎರಡೂ ಸಂಘಗಳ ಒಂಬತ್ತು ಹೆಂಗಸರು. "ನಾನು ಅವರ ಹೆಂಡತಿ, ಇದು ಅವರ ಮಗು, ನಮಗೆ ವಿಚ್ಛೇದನ ಆಗಿಲ್ಲ" ಎಂದು ಮದುವೆಯ ಫೋಟೋ ಮುಂದಿಟ್ಟಳು. ಅಷ್ಟೇ ಮಾತು. ಹುಡುಗಿಯ ತಾಯಿ ಬಹಳ ಹೊತ್ತು ಸುಮ್ಮನಿದ್ದು ಒಳಗಿನಿಂದ ಕಾಫಿ ತಂದು ಕೊಟ್ಟರಂತೆ. ಮದುವೆ ನಿಂತಿತು. ಕೊಟ್ಟ ಮುಂಗಡ ಮಾತ್ರ ಇನ್ನೂ ವಾಪಸು ಬಂದಿಲ್ಲ.

ನಂತರ ಅವಳು 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಕೆಳಗೆ ಅರ್ಜಿ ಕೊಟ್ಟಿದ್ದಾಳೆ. ನಮ್ಮಲ್ಲಿ ತಾಲ್ಲೂಕಿನ ಸಿಡಿಪಿಓ ಅವರೇ ಸಂರಕ್ಷಣಾಧಿಕಾರಿ, ಶಿಶು ಅಭಿವೃದ್ಧಿ ಯೋಜನೆಯ ಕಚೇರಿಗೆ ಹೋದರೆ ಸಾಕು, ವಕೀಲರ ಫೀಸು ಹುಡುಕುತ್ತಾ ಕೂರಬೇಡಿ. ಗಂಡನ ಮನೆಯಲ್ಲಿ ವಾಸ ಮಾಡುವ ಹಕ್ಕು ಆ ಕಾಯ್ದೆಯಲ್ಲೂ ಇದೆ, ಎಚ್‌ಐವಿ ಕಾಯ್ದೆಯಲ್ಲೂ ಇದೆ. ಜೀವನಾಂಶ ಗೊತ್ತುಮಾಡುವಾಗ ಚಿಕಿತ್ಸೆಯ ಖರ್ಚನ್ನೂ ಕೋರ್ಟು ಲೆಕ್ಕಕ್ಕೆ ಹಿಡಿಯಬೇಕು. ಹಾಸಿಗೆಯಲ್ಲಿನ ಬಲವಂತವನ್ನೂ ಹಿಂಸೆ ಎಂದೇ 2005ರ ಕಾಯ್ದೆ ಒಪ್ಪುತ್ತದೆ. ಗಂಡ ಮಾಡಿದರೆ ಅದು ಅತ್ಯಾಚಾರವಲ್ಲ ಎಂಬ ವಿನಾಯಿತಿ ಮಾತ್ರ 2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಉಳಿದುಕೊಂಡಿದೆ, ಅದರ ಜಗಳ ಇನ್ನೊಂದು ಸಂಚಿಕೆಗೆ. ಎಚ್‌ಐವಿ ಬಗ್ಗೆ ಗುಟ್ಟಾಗಿ ಕೇಳಲು 1097, ಹೊಡೆತ ಬಡಿತಕ್ಕೆ 181. ಎರಡನ್ನೂ ಪಾಸ್‌ಬುಕ್ಕಿನ ಹಿಂದೆ ಬರೆದಿಟ್ಟುಕೊಳ್ಳಿ.

ಮದುವೆಗೆ ಮುಂಚೆ ಗಂಡಿನ ರಕ್ತಪರೀಕ್ಷೆ ಕಡ್ಡಾಯ ಮಾಡಿಬಿಡಲಿ ಎಂದು ಆ ಸಂಘದವರು ಈಗ ಠರಾವು ಮಾಡಬೇಕೆಂದಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಕಡ್ಡಾಯ ಮಾಡಿದರೆ ದುಡ್ಡು ಕೊಟ್ಟು ಚೀಟಿ ತರುತ್ತಾರೆ. ಸೋಂಕು ತಗಲಿದ ಮೊದಲ ವಾರಗಳಲ್ಲಿ ಪರೀಕ್ಷೆಗೆ ಸಿಗದೇ ಇರಬಹುದು. ಇಂದಿನ ಚೀಟಿ ಮುಂದಿನ ವರ್ಷದ ಗಂಡನಿಗೆ ಜಾಮೀನಲ್ಲ. ಹೆಣ್ಣಿನ ಚೀಟಿಯಲ್ಲಿ ಏನಾದರೂ ಬಂದರೆ ಊರು ಅವಳನ್ನು ಬದುಕಗೊಡುತ್ತದೆಯೇ? ಆದರೆ ಅವರು ನನ್ನ ಮಾತಿಗೆ ಜಗ್ಗಿಲ್ಲ. "ಜಾತಕ ಕೇಳ್ತಾರೆ, ಎಷ್ಟು ಗ್ರಾಂ ಅಂತ ಕೇಳ್ತಾರೆ, ನಾವು ಇದೊಂದು ಕೇಳಬಾರ್ದಾ?" ಎನ್ನುತ್ತಾರೆ. ಕಡ್ಡಾಯ ಬೇರೆ, ಕೇಳುವುದು ಬೇರೆ ಎಂದೆ. ಚರ್ಚೆ ಮುಗಿದಿಲ್ಲ, ನಿಮ್ಮ ಸಂಘಗಳಲ್ಲಿ ಏನನ್ನುತ್ತಾರೋ ಬರೆದು ಕಳಿಸಿ.

ಆ ಗಂಡ ಇಂದಿಗೂ ಪರೀಕ್ಷೆ ಮಾಡಿಸಿಕೊಂಡಿಲ್ಲ. ಈಗ ಅವನ ಕಡೆಯವರು ಗಡಿಯಾಚೆ ಕೃಷ್ಣಗಿರಿ ಕಡೆ ಹೆಣ್ಣು ನೋಡುತ್ತಿದ್ದಾರೆ ಎಂದು ಸುದ್ದಿ. ಬೂದಿಕೋಟೆಯ ಹೆಂಗಸರಲ್ಲಿ ಇಬ್ಬರಿಗೆ ತವರು ಆ ಕಡೆಯೇ. ಮದುವೆಯ ಫೋಟೋದ ಇನ್ನೆರಡು ಪ್ರತಿ ತೆಗೆಸಿಟ್ಟಿದ್ದಾರೆ.