ಯೆಜ್ಡಿ ಇರೋದು ಓಡೋಕೆ ಸ್ವಾಮೀ

ಹಳೇ ಯೆಜ್ಡಿಯನ್ನ ಸಾಯಿಸೋಕೆ ಎರಡು ದಾರಿ ಇವೆ. ಒಂದು, ಗುಜರಿಯವನಿಗೆ ತೂಕಕ್ಕೆ ಹಾಕೋದು. ಇನ್ನೊಂದು, ಬೆಂಗಳೂರಿಗೆ ತಂದು, ಫಳಫಳ ಅನ್ನೋ ಹಾಗೆ ಬಣ್ಣ ಹೊಡೆಸಿ, ಕ್ರೋಮ್ ಹಾಕಿಸಿ, ನಾಲ್ಕು ಫೋಟೋ ತೆಗೆದು, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಕವರ್ ಹೊದಿಸಿ ನಿಲ್ಲಿಸೋದು. ಮೊದಲನೆಯದನ್ನ ನೋಡಿ ‘ಅಯ್ಯೋ ಪಾಪ’ ಅಂತೀವಿ. ಎರಡನೆಯದಕ್ಕೆ ಲೈಕ್ ಒತ್ತುತ್ತೀವಿ. ನನ್ನ ತಕರಾರು ಇರೋದು ಈ ಎರಡನೆಯದರ ಮೇಲೆ.

ಹವ್ಯಾಸ ಇರೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಐದು ದಿನ ಲ್ಯಾಪ್‌ಟಾಪ್ ಮುಂದೆ ಕೂತವನಿಗೆ ಶನಿವಾರ ಕೈಗೆ ಗ್ರೀಸ್ ಹತ್ತಿಸಿಕೊಳ್ಳಬೇಕು ಅನ್ಸೋದು ಸಹಜ. ನನಗೂ ಅನ್ಸುತ್ತೆ. ಆದರೆ ಇವತ್ತು ‘ರೆಸ್ಟೋರೇಶನ್’ ಅನ್ನೋ ಹೆಸರಲ್ಲಿ ನಡೀತಿರೋದರಲ್ಲಿ ಬಹುಪಾಲು ಗ್ರೀಸಿನ ಕೆಲಸ ಅಲ್ಲ, ಮೇಕಪ್ ಕೆಲಸ. ಅದಕ್ಕೆ ಬೆಲೆ ತೆರ್ತಿರೋರು ನಮ್ಮ ಕಡೆಯ ಹಳ್ಳಿ ಜನ.

ಮೊದಲು ಗಾಡಿಯ ಕಥೆ ಚೂರು ನೋಡೋಣ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯಿಂದ ಲೈಸೆನ್ಸ್ ತಗೊಂಡು, ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯ್ತು. 1961ರಿಂದ ಜಾವಾ ಹೆಸರಲ್ಲಿ, 1973ರಿಂದ ಯೆಜ್ಡಿ ಹೆಸರಲ್ಲಿ ಬೈಕುಗಳು ಹೊರಗೆ ಬಂದವು. 1996ರಲ್ಲಿ ಬಾಗಿಲು ಹಾಕಿತು. ಕಡಿಮೆ ಪೆಟ್ರೋಲ್ ಕುಡಿಯೋ ಜಪಾನೀ ಮೂಲದ ನೂರು ಸಿಸಿ ಗಾಡಿಗಳು, ಬಿಗಿಯಾದ ಹೊಗೆ ನಿಯಮ, ಕಾರ್ಮಿಕರ ತಂಟೆ, ಎಲ್ಲಾ ಸೇರಿ ಮುಗಿಸಿದವು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಬಂದವಲ್ಲ ಅಂತ ನೀವು ಕೇಳಬಹುದು. ಬಂದಿದ್ದು ಹೆಸರು. ಆ ಗಾಡಿಗಳು ಫೋರ್ ಸ್ಟ್ರೋಕ್, ತಯಾರಾಗೋದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಯಾದವಗಿರಿಯಿಂದ ಇನ್ನು ಒಂದು ಗಾಡಿಯೂ ಹೊರಗೆ ಬರಲ್ಲ. ಇರೋದಿಷ್ಟೇ.

ಮೈಸೂರಿಂದ ಕೊಳ್ಳೇಗಾಲಕ್ಕೆ ಅರವತ್ತು ಚಿಲ್ಲರೆ ಕಿಲೋಮೀಟರ್. ಚಾಮರಾಜನಗರ ಜಿಲ್ಲೆ ಆಗಿದ್ದೇ 1997ರಲ್ಲಿ. ಅಲ್ಲಿವರೆಗೂ ನಾವೆಲ್ಲ ಮೈಸೂರು ಜಿಲ್ಲೆಯೋರೇ, ಹಾಗಾಗಿ ಇದು ನಮಗೆ ಜಿಲ್ಲೆಯೊಳಗಿನ ಗಾಡಿ. ಹನೂರು, ಕೊಳ್ಳೇಗಾಲ, ಯಳಂದೂರು ಸೀಮೆಯಲ್ಲಿ ಇದು ಶೋಕಿ ವಸ್ತು ಆಗಿರಲಿಲ್ಲ. ರೇಷ್ಮೆ ಗೂಡಿನ ಚೀಲ ಹೊತ್ತಿದ್ದು, ಎರಡೂ ಕಡೆ ಹಾಲಿನ ಕ್ಯಾನ್ ನೇತುಹಾಕಿಕೊಂಡಿದ್ದು, ಅಮಾವಾಸ್ಯೆಗೆ ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ತಾಳಬೆಟ್ಟದಿಂದ ಮೇಲಕ್ಕೆ ಮಾದಪ್ಪನ ಬೆಟ್ಟ ಹತ್ತಿದ್ದು ಇದೇ ಗಾಡಿ. ಚೈನಿಗೆ ಪೂರ್ತಿ ಮುಚ್ಚಳ ಇದ್ದಿದ್ದರಿಂದ ನಮ್ಮ ಕೆಂಪು ಮಣ್ಣಿನ ದೂಳು ಒಳಗೆ ಹೋಗ್ತಿರಲಿಲ್ಲ. ಎಂಜಿನ್ ಸರಳ, ವಾಲ್ವ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಕೆಟ್ಟರೆ ಮರದ ಕೆಳಗೆ ನಿಲ್ಲಿಸಿ, ಒಂದು ಪ್ಲಗ್ ಸ್ಪ್ಯಾನರು, ಒಂದು ಸ್ಕ್ರೂಡ್ರೈವರು ಹಿಡ್ಕೊಂಡು ರೆಡಿ ಮಾಡಬಹುದಿತ್ತು.

ಈಗ ಅವು ಕೊಟ್ಟಿಗೆಗಳಲ್ಲಿವೆ. ಮೇಲೆ ಹುಲ್ಲಿನ ಹೊರೆ, ಸೀಟಿನೊಳಗೆ ಇಲಿ ಗೂಡು. ಅಲ್ಲಿಗೆ ನಮ್ಮಂಥವರು ಹೋಗ್ತೀವಿ.

ನಮ್ಮ ಬೀದಿಯಲ್ಲೇ ನಡೆದಿದ್ದು ಹೇಳ್ತೀನಿ. ಪಕ್ಕದ್ಮನೆ ದೊಡ್ಡಮ್ಮನ ಗಂಡ ತೀರಿಕೊಂಡು ಎಂಟು ವರ್ಷ ಆಗಿತ್ತು. ಮಗ ತಿರುಪ್ಪೂರಿನ ಗಾರ್ಮೆಂಟ್ಸಲ್ಲಿ. ಬೆಂಗಳೂರಿಂದ ಬಂದ ಒಬ್ಬ ಹುಡುಗ, ನಮ್ಮ ನಿಮ್ಮ ಥರದವನೇ, ಕೊಟ್ಟಿಗೆ ನೋಡಿ, “ಇದು ಓಡಲ್ಲ ಅಮ್ಮ, ಗುಜರಿ ಮಾಲು” ಅಂದ. ಆರು ಸಾವಿರ ಎಣಿಸಿದ. ಲೆಕ್ಕ ಹಾಕಿ ನೋಡಿ: ಗಾಡಿ ಸುಮಾರು 140 ಕೆಜಿ, ಕೆಜಿಗೆ ಮೂವತ್ತು ರೂಪಾಯಿ ಅಂತಿಟ್ಟುಕೊಂಡರೆ 4,200. ಅಂದರೆ ಕಬ್ಬಿಣದ ಬೆಲೆ, ಮೇಲೊಂದಿಷ್ಟು ಕರುಣೆ. ಮೂರು ತಿಂಗಳಿಗೆ ಅದೇ ಗಾಡಿ ‘ಹಳ್ಳಿಯಲ್ಲಿ ಸಿಕ್ಕ ಅಪರೂಪದ ಮಾಲು’ ಅನ್ನೋ ತಲೆಬರಹದ ಜೊತೆ ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೆ ಜಾಹೀರಾತಲ್ಲಿ ಬಂತು. ನಡುವೆ ಎಂಜಿನ್ ಬಿಚ್ಚಿರಲಿಲ್ಲ. ಬಣ್ಣ ಹೊಡೆದಿತ್ತು ಅಷ್ಟೇ.

ದುಡ್ಡಿನ ಮೋಸ ಒಂದು ಕಡೆ ಇರಲಿ. ಅದಕ್ಕಿಂತ ದೊಡ್ಡದು ಕಾಗದದ್ದು. ಆರ್‌ಸಿ ಇನ್ನೂ ಸತ್ತವರ ಹೆಸರಲ್ಲೇ ಇದೆ. ಖಾಲಿ ಫಾರಂ ಮೇಲೆ ದೊಡ್ಡಮ್ಮನ ಸಹಿ ಹಾಕಿಸ್ಕೊಂಡು ಹೋಗಿದ್ದಾನೆ. ಕಾನೂನಿನ ಪ್ರಕಾರ ಮೊದಲು ವಾರಸುದಾರರ ಹೆಸರಿಗೆ ಫಾರಂ 31ರಲ್ಲಿ ಬದಲಾಗಬೇಕು, ಆಮೇಲೆ ಫಾರಂ 29, 30ರಲ್ಲಿ ಕೊಂಡವನ ಹೆಸರಿಗೆ. ಅಪಘಾತ ಪರಿಹಾರದ ವಿಷಯದಲ್ಲಿ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಾಳೆ ಆ ಗಾಡಿ ಯಾರಿಗಾದರೂ ಗುದ್ದಿದರೆ, ನೋಟಿಸ್ ಹುಡುಕ್ಕೊಂಡು ಬರೋದು ಹನೂರು ಕಡೆಯ ಹೆಂಚಿನ ಮನೆಗೆ. ಇದನ್ನ ‘ಪರಂಪರೆ ಉಳಿಸೋದು’ ಅಂತ ಕರೆಯೋಕೆ ನನಗೆ ನಾಲಿಗೆ ಹೊರಳಲ್ಲ.

“ಸರಿ, ಹಾಗಾದ್ರೆ ಕೊಟ್ಟಿಗೆಯಲ್ಲೇ ತುಕ್ಕು ಹಿಡೀಲಾ?” ಅಂತ ಕೇಳ್ತೀರ. ಬೇಡ. ಓಡಿಸಿ. ನನ್ನ ವಾದ ಇಷ್ಟೇ: ಮೊದಲು ಎಂಜಿನ್, ಆಮೇಲೆ ಬ್ರೇಕು ಟೈರು, ಆಮೇಲೆ ಕಾಗದ, ಕೊನೆಗೆ ಬಣ್ಣ. ನಾವು ಇದನ್ನ ಪೂರ್ತಿ ತಲೆಕೆಳಗು ಮಾಡಿದ್ದೀವಿ.

ನಮ್ಮ ದೊಡ್ಡಪ್ಪನ 1979ರ ಯೆಜ್ಡಿ ಹದಿನಾಲ್ಕು ವರ್ಷ ನಿಂತಿತ್ತು. ಕೊಳ್ಳೇಗಾಲದ ಮೇಸ್ತ್ರಿಯೊಬ್ಬರು ನೋಡೋಕೆ ಬಂದರು. ಗಾಡಿಗೆ ಯಾವ ಬಣ್ಣ ಅಂತ ನನ್ನ ತಮ್ಮ ಶುರುಮಾಡಿದ್ದಕ್ಕೆ ಅವರು ಹೇಳಿದ್ದು: “ಮೊದ್ಲು ಉಸುರ್ ಬರ್ಲಿ ಕನಪ್ಪ, ಬಟ್ಟ ಆಮೇಲ ಹಾಕುವ.”

ಅವರು ಮೊದಲು ಮಾಡಿದ ಕೆಲಸ ಅಂದರೆ ಯಾರೂ ಕಿಕ್ ಹೊಡೀದ ಹಾಗೆ ನೋಡಿಕೊಂಡಿದ್ದು. ಇದು ಮುಖ್ಯ. ಯೆಜ್ಡಿಯಲ್ಲಿ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ಎತ್ತಿದರೆ ಅದೇ ಕಿಕ್ಕರ್. ನೋಡಿದ ತಕ್ಷಣ ಎಲ್ಲರಿಗೂ ಅದನ್ನ ಒದೆಯೋ ಆಸೆ. ಪಿಸ್ಟನ್ ತುಕ್ಕಲ್ಲಿ ಅಂಟಿಕೊಂಡಿದ್ದಾಗ ಒದ್ದರೆ ರಿಂಗು ಮುರೀತದೆ, ಸಿಲಿಂಡರ್ ಗೀರುತ್ತೆ. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಡೀಸೆಲ್ಲು, ಎಂಜಿನ್ ಆಯಿಲ್ಲು ಬೆರೆಸಿ ಅರ್ಧ ಲೋಟ ಬಿಟ್ಟು, ಒಂದು ವಾರ ಸುಮ್ಮನೆ ಬಿಟ್ಟರು. ಮುಂದಿನ ಶನಿವಾರ ನಾಲ್ಕನೇ ಗೇರಿಗೆ ಹಾಕಿ ಹಿಂದಿನ ಚಕ್ರವನ್ನ ಮುಂದಕ್ಕೆ ಹಿಂದಕ್ಕೆ ಮೆಲ್ಲಗೆ ಆಡಿಸಿದರು. ಕೂದಲೆಳೆಯಷ್ಟು ಅಲ್ಲಾಡ್ತು, ಆಮೇಲೆ ಬಿಟ್ಟುಕೊಂಡ್ತು.

ಟ್ಯಾಂಕಿಗೆ ಹಳೇ ನಟ್ಟು ಬೋಲ್ಟು ಹಾಕಿ, ವಿನೆಗರ್ ತುಂಬಿ, ಒಂದು ರಾತ್ರಿ ಬಿಟ್ಟು ಕುಲುಕಿ ತೊಳೆದಾಗ ಒಂದು ಬೊಗಸೆ ತುಕ್ಕು ಹೊರಗೆ ಬಂತು. ಕಾರ್ಬೊರೇಟರ್ ಬಿಚ್ಚಿ ಜೆಟ್ಟಿಗೆ ಗಾಳಿ ಹೊಡೆದರು, ಸೂಜಿ ಚುಚ್ಚಲಿಲ್ಲ, ಯಾಕಂದರೆ ತೂತು ದೊಡ್ಡದಾದರೆ ಪೆಟ್ರೋಲ್ ಲೆಕ್ಕವೇ ತಪ್ಪುತ್ತೆ. ಪಾಯಿಂಟನ್ನ ಎಮರಿ ಪೇಪರಲ್ಲಿ ಉಜ್ಜಿ 0.4 ಮಿ.ಮೀ. ಸಂದು ಕೂರಿಸಿದರು. ಹೊಸ ಕಂಡೆನ್ಸರ್, ಹೊಸ 6 ವೋಲ್ಟ್ ಬ್ಯಾಟರಿ, ಹೊಸ ಪ್ಲಗ್. ಲೀಟರಿಗೆ 40 ಮಿ.ಲೀ. ಟೂಟಿ ಆಯಿಲ್. ಉಳಿದ ಎಣ್ಣೆಯನ್ನ ಪ್ಲಗ್ಗಿನ ತೂತಿಂದ ಹೊರಗೆ ಹಾರಿಸಿ, ಕಾರ್ಬೊರೇಟರಿನ ಗುಂಡಿ ಒತ್ತಿ ಪೆಟ್ರೋಲ್ ಉಕ್ಕಿಸಿ ಒದ್ದರು. ಹನ್ನೊಂದನೇ ಕಿಕ್ಕಿಗೆ ಹಿಡೀತು. ಇಡೀ ಕೇರಿ ಹೊಗೆ!

ಎಲ್ಲರೂ ಚಪ್ಪಾಳೆ ಹೊಡೀತಿದ್ದಾಗ ಮೇಸ್ತ್ರಿ ಮಾತ್ರ ಹೊಗೆ ನೋಡ್ತಾ ನಿಂತಿದ್ದರು. ಹತ್ತು ನಿಮಿಷ ಆದರೂ ಬಿಳಿ ಹೊಗೆ ಕಮ್ಮಿ ಆಗಲಿಲ್ಲ. ಕ್ರ್ಯಾಂಕಿನ ಸೀಲು ಒಣಗಿ ಸೀಳಿದೆ, ಎಂಜಿನ್ನು ಗೇರ್‌ಬಾಕ್ಸಿನ ಆಯಿಲ್ ಕುಡೀತಿದೆ ಅಂತ ಅರ್ಥ. ಟೂ ಸ್ಟ್ರೋಕಿಗೆ ಕ್ರ್ಯಾಂಕ್‌ಕೇಸ್ ಅಂದರೆ ಶ್ವಾಸಕೋಶ, ಅಲ್ಲಿ ಸಂದು ಬಿದ್ದರೆ ಆಟ ಮುಗೀತು. ಎಂಜಿನ್ ಇಳಿಸಿ ಸೀಲ್ ಬದಲಾಯಿಸಿದ್ದಾಯ್ತು, ಎರಡೂ ಸೈಲೆನ್ಸರಿನೊಳಗಿನ ಕೊಳವೆ ಬೆಂಕಿಗೆ ಹಿಡಿದು ಕರಿ ಸುಟ್ಟಿದ್ದಾಯ್ತು. ಟೈರು, ಟ್ಯೂಬು, ಬ್ರೇಕ್ ಲೈನರು, ಕೇಬಲ್ಲು, ಕೂಲಿ ಎಲ್ಲಾ ಸೇರಿ ಹದಿಮೂರು ಸಾವಿರ. ಬಣ್ಣ ಇವತ್ತಿಗೂ ಹೊಡೆಸಿಲ್ಲ. ಟ್ಯಾಂಕಿನ ಪಕ್ಕ ದೊಡ್ಡಪ್ಪನ ಮೊಣಕಾಲು ತಾಗಿ ತಾಗಿ ಬಣ್ಣ ಹೋಗಿರೋ ಜಾಗ ಹಾಗೇ ಇದೆ. ಅದನ್ನ ಅಳಿಸೋಕೆ ನಾನ್ಯಾಕೆ ದುಡ್ಡು ಕೊಡ್ಲಿ?

ಈ ಜ್ಞಾನ ಯೂಟ್ಯೂಬಲ್ಲಿ ಅರ್ಧ ಸಿಗುತ್ತೆ. ಉಳಿದರ್ಧ ಮೇಸ್ತ್ರಿಯ ಕಿವಿಯಲ್ಲಿದೆ. ಬಣ್ಣದವನಿಗೆ ಮೂವತ್ತು ಸಾವಿರ ಕೊಡೋರು, ಪಾಯಿಂಟ್ ಕೂರಿಸೋರಿಗೆ ಮುನ್ನೂರು ರೂಪಾಯಿಗೆ ಚೌಕಾಸಿ ಮಾಡ್ತಾರೆ. ಹೀಗಿರೋವಾಗ ಆ ಕೆಲಸ ಕಲಿಯೋಕೆ ಯಾವ ಹುಡುಗ ಬರ್ತಾನೆ ಹೇಳಿ? ಮೇಸ್ತ್ರಿಯ ಮಗನೇ ಯಳಂದೂರಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಅವನದ್ದು ಸರಿಯಾದ ಲೆಕ್ಕ. ತಪ್ಪಿರೋದು ನಮ್ಮ ಲೆಕ್ಕದಲ್ಲಿ.

ಸರ್ಕಾರದ ಲೆಕ್ಕವೂ ಹಾಗೇ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳ ನಿಯಮ ತಂತು. ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮೇಲೆ ಮರು ನೋಂದಣಿಗೆ 5,000. ಇಷ್ಟೆಲ್ಲ ಕೊಟ್ಟ ಮೇಲೆ ದಿನನಿತ್ಯ ಓಡಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಂಥದ್ದಕ್ಕೆ ಮಾತ್ರ. ನಮ್ಮ 1979ರ ಗಾಡಿ 2029ರವರೆಗೆ ಈ ಲೆಕ್ಕದಲ್ಲಿ ವಿಂಟೇಜೇ ಅಲ್ಲ. ಯಾದವಗಿರಿಯ ಕೊನೇ ಗಾಡಿ 2046ರವರೆಗೆ ಕಾಯಬೇಕು. ಅಲ್ಲಿವರೆಗೆ ಅದು ಬರೀ ‘ಹಳೇ ವಾಹನ’. ಐದೈದು ವರ್ಷಕ್ಕೆ ಫಾರಂ 25 ತುಂಬಿ ನವೀಕರಿಸಬೇಕು. ಇಪ್ಪತ್ತು ವರ್ಷ ದಾಟಿದ ಬೈಕಿಗೆ ಆ ಶುಲ್ಕವನ್ನ 2025ರಲ್ಲಿ 1,000ದಿಂದ 2,000ಕ್ಕೆ ಏರಿಸಿದರು. ಮ್ಯೂಸಿಯಂಗೆ ಒಂದು ಬಾಗಿಲು, ಗುಜರಿಗೆ ಒಂದು ಬಾಗಿಲು. ವಾರಕ್ಕೊಂದು ಸಲ ಸಂತೆಗೆ ಹೋಗಿ ಬರೋ ಗಾಡಿಗೆ ಬಾಗಿಲೇ ಇಲ್ಲ. ಸರಿಯಾಗಿ ಓಡೋ, ತಪಾಸಣೆ ಪಾಸಾದ, ವರ್ಷಕ್ಕೆ ಇಂತಿಷ್ಟೇ ಕಿಲೋಮೀಟರ್ ಅನ್ನೋ ಮಿತಿ ಇರೋ ಒಂದು ಮಧ್ಯದ ವರ್ಗ ಮಾಡೋಕೆ ಏನು ಕಷ್ಟ?

ಇಲ್ಲಿ ಹೊಗೆಯ ಪ್ರಶ್ನೆ ಬರುತ್ತೆ. ಬರಲೇಬೇಕು. ಟೂ ಸ್ಟ್ರೋಕ್ ಎಂಜಿನ್ ಗಲೀಜು, ಅದರಲ್ಲಿ ಎರಡು ಮಾತಿಲ್ಲ. ಉರಿಯದ ಪೆಟ್ರೋಲಿನ ಒಂದು ಪಾಲು ನೇರ ಸೈಲೆನ್ಸರಿಗೇ ಹೋಗುತ್ತೆ, ಆ ವಿನ್ಯಾಸವೇ ಹಾಗೆ. ಆದ್ದರಿಂದ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ದಿನಾ ಯೆಜ್ಡಿ ತನ್ನಿ ಅಂತ ನಾನು ಹೇಳಲ್ಲ. ತಂದರೆ ನಾನೇ ಬೈತೀನಿ. ಆದರೆ ಸೀಲ್ ಹೋದ, ಟ್ಯೂನ್ ಇಲ್ಲದ ಎಂಜಿನ್ ಮೇಲೆ ಬಣ್ಣ ಹೊಡೆದು ರ‍್ಯಾಲಿಗೆ ತರೋ ಗಾಡಿ ಕಾರೋ ಹೊಗೆಗೂ, ಸರಿಯಾಗಿ ಕೂರಿಸಿದ ಎಂಜಿನ್ನಿನ ಹೊಗೆಗೂ ಅಜಗಜಾಂತರ. ಹೊಗೆ ಬಗ್ಗೆ ಕಾಳಜಿ ಇರೋರು ಮೊದಲು ಎಂಜಿನ್ ನೋಡಬೇಕು.

ಶೋಕೇಸ್ ಗೆಳೆಯರಿಗೆ ಇನ್ನೊಂದು ಮಾತು. ಈಗ ಬಂಕಲ್ಲಿ ಸಿಗೋದು ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರು ಹೀರುತ್ತೆ, ಹಳೇ ರಬ್ಬರನ್ನ ಊದಿಸುತ್ತೆ. ಅದನ್ನ ಟ್ಯಾಂಕಲ್ಲಿ ತುಂಬಿ ಆರು ತಿಂಗಳು ನಿಲ್ಲಿಸಿದರೆ, ಮೇಲೆ ಎಷ್ಟೇ ಹೊಳೆದರೂ ಒಳಗೆ ತುಕ್ಕು ಮತ್ತೆ ಶುರು. ನಿಲ್ಲಿಸೋದೇ ಆದರೆ ಪೆಟ್ರೋಲ್ ಖಾಲಿ ಮಾಡಿ ನಿಲ್ಲಿಸಿ. ಓಡಿಸ್ತಿದ್ದರೆ ಈ ತಲೆನೋವು ಅರ್ಧ ಕಮ್ಮಿ.

ಕೊಳ್ಳೋದೇ ಆದರೆ ಹೀಗೆ ಕೊಳ್ಳಿ. ಮನೆಯವರಿಗೆ ಪೇಟೆಯ ಬೆಲೆ ಎಷ್ಟಿದೆ ಅಂತ ನಿಮ್ಮ ಮೊಬೈಲಲ್ಲೇ ತೋರಿಸಿ, ಆಮೇಲೆ ಮಾತಾಡಿ. ಅವರ ಮಗನಿಗೆ ಒಂದು ಫೋನ್ ಮಾಡಿಸಿ. ವಾರಸುದಾರರ ಹೆಸರಿಗೆ, ಅಲ್ಲಿಂದ ನಿಮ್ಮ ಹೆಸರಿಗೆ ಆರ್‌ಸಿ ಆಗೋವರೆಗೂ ಗಾಡಿ ಎತ್ತಬೇಡಿ, ಆ ಖರ್ಚು ನಿಮ್ಮದೇ ಆಗಿರಲಿ. ಎಂಜಿನ್ ಕೆಲಸ ಅದೇ ಊರಿನ, ಅದೇ ತಾಲ್ಲೂಕಿನ ಮೇಸ್ತ್ರಿ ಹತ್ತಿರ ಮಾಡಿಸಿ, ಕೇಳಿದಷ್ಟು ಕೊಡಿ. ಬಿಚ್ಚಿದ ಮೂಲ ಪಾರ್ಟನ್ನ ಎಸೀಬೇಡಿ.

ನಿಮ್ಮದೇ ಮನೆ ಕೊಟ್ಟಿಗೆಯಲ್ಲಿ ಒಂದು ಇದ್ದರೆ ಇನ್ನೂ ಸುಲಭ. ಈ ಸಲ ಊರಿಗೆ ಹೋದಾಗ ಪ್ಲಗ್ ಬಿಚ್ಚಿ, ಅರ್ಧ ಲೋಟ ಎಣ್ಣೆ ಬಿಟ್ಟು ಬನ್ನಿ. ಬಣ್ಣದ ಅಂಗಡಿ ಎಲ್ಲಿಗೂ ಓಡಿಹೋಗಲ್ಲ, ಇನ್ನು ಹತ್ತು ವರ್ಷ ಬಿಟ್ಟರೂ ಇರುತ್ತೆ. ಮೇಸ್ತ್ರಿಗೆ ಈಗಲೇ ಎಪ್ಪತ್ತೊಂದು.