ಭದ್ರತೆಯ ಗೋಡೆ, ಕುರಿಗಾಹಿಯ ಪ್ರಶ್ನೆ

ಲಂಡನ್ನಿನ ರಾಯಲ್ ಮಿಂಟ್ ಕೋರ್ಟ್ ಜಾಗವನ್ನು ಚೀನಾ 2018ರಲ್ಲಿ ಕೊಂಡಿತು. ಅಲ್ಲಿ ಬೃಹತ್ ರಾಯಭಾರ ಕಚೇರಿ ಬಂದರೆ ಹತ್ತಿರದ ದತ್ತಾಂಶ ಕೇಬಲ್‌ಗಳಿಗೆ ಅಪಾಯವೆಂದು ಸಂಸದರು ಬಹಿರಂಗವಾಗಿಯೇ ವಾದಿಸಿದರು. ಸ್ಥಳೀಯ ಕೌನ್ಸಿಲ್ 2022ರಲ್ಲಿ ಅರ್ಜಿ ತಿರಸ್ಕರಿಸಿತು.

ನಮ್ಮ ಚಳ್ಳಕೆರೆಯಲ್ಲೂ ಚರ್ಚೆ ನಡೆಯಿತು, ಆದರೆ ಜಾಗ ಹೋದ ಮೇಲೆ. ಡಿಆರ್‌ಡಿಒ, ಇಸ್ರೊ, ಬಾರ್ಕ್, ಐಐಎಸ್‌ಸಿಗೆ ಅಮೃತ ಮಹಲ್ ಕಾವಲಿನ ಸುಮಾರು 8 ಸಾವಿರ ಎಕರೆ ಕೊಟ್ಟದ್ದನ್ನು ತಮಗೆ ಮೊದಲೇ ತಿಳಿಸಲಿಲ್ಲವೆಂದು ಹಳ್ಳಿಗರು ದೂರಿದರು. ವಿಷಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು.

ದೇಶಕ್ಕೆ ರಕ್ಷಣಾ ಸಂಶೋಧನೆ ಬೇಕು, ಒಪ್ಪುತ್ತೇನೆ. ಗೋಡೆಯ ಒಳಗಿನ ಕೆಲಸ ಗುಟ್ಟಾಗಿರಲಿ. ಎಷ್ಟು ಹುಲ್ಲುಗಾವಲು ಹೋಗುತ್ತದೆ, ಕುರಿಗಳು ಎಲ್ಲಿ ಮೇಯಬೇಕು, ಕಂಬಳಿಗೆ ಉಣ್ಣೆ ಎಲ್ಲಿಂದ ಬರಬೇಕು ಎಂಬುದೂ ಗುಟ್ಟೇ? ನಾಳೆ ಮೊಳಕಾಲ್ಮೂರಿಗೆ ಇಂಥ ಯೋಜನೆ ಬಂದರೆ, ಬೇಲಿ ಹಾಕುವ ಮುನ್ನ ಗ್ರಾಮಸಭೆ ಕರೆಯಲಿ.