ವಜಾ ಮಾಡಲಿಲ್ಲ, ಕರೆಯಲೂ ಇಲ್ಲ

ಆಟದ ಸುದ್ದಿಗೆ ಈ ಅಂಕಣದಲ್ಲಿ ಏನು ಕೆಲಸವೆಂದು ಕೆಲವು ಮಿತ್ರರು ಕೇಳಬಹುದು. ಆದರೆ ಇದು ಆಟದ ಸುದ್ದಿಗಿಂತ ಹೆಚ್ಚಾಗಿ ಕೂಲಿಯ ಸುದ್ದಿ. ಆದ್ದರಿಂದಲೇ ಓದುಗರ ಮುಂದಿಡುತ್ತಿದ್ದೇವೆ.

ಇಟಲಿಯ ಸಿಮೋನೆ ಫರೀನಾ ಹೆಸರಾಂತ ಆಟಗಾರನೇನೂ ಅಲ್ಲ. ಫುಟ್‌ಬಾಲ್ ತಂಡದ ಹಿಂದಿನ ಸಾಲಿನಲ್ಲಿ ನಿಂತು ಎದುರಾಳಿಯನ್ನು ತಡೆಯುವುದು ಆತನ ಕಸುಬು. 1982ರಲ್ಲಿ ರೋಮ್ ನಗರದಲ್ಲಿ ಹುಟ್ಟಿ, ಅಲ್ಲಿಯ ದೊಡ್ಡ ತಂಡವಾದ ರೋಮಾದ ಕಿರಿಯರ ವಿಭಾಗದಲ್ಲಿ ಆಟ ಕಲಿತ. ಆದರೆ ಮೊದಲ ದರ್ಜೆಯ ಪಂದ್ಯವೊಂದೂ ಆತನ ಪಾಲಿಗೆ ಬರಲಿಲ್ಲ. ಕೆಳದರ್ಜೆಯ ತಂಡಗಳಲ್ಲಿ ಆಡುತ್ತ, 2007ರಲ್ಲಿ ಉಂಬ್ರಿಯಾ ಪ್ರಾಂತದ ಗುಬ್ಬಿಯೋ ಎಂಬ ಬೆಟ್ಟದೂರಿನ ತಂಡಕ್ಕೆ ಬಂದ. ಸಂತ ಫ್ರಾನ್ಸಿಸ್ ತೋಳವನ್ನು ಸಾಧು ಮಾಡಿದನೆಂದು ಕಥೆ ಹೇಳುವ ಊರು ಅದು. ಈ ಪುಟ್ಟ ಊರಿನ ತಂಡ 2010 ಮತ್ತು 2011ರಲ್ಲಿ ಒಂದರ ಮೇಲೊಂದು ಮೆಟ್ಟಿಲೇರಿ, 1947-48ರ ನಂತರ ಮೊದಲ ಬಾರಿಗೆ ಎರಡನೆಯ ದರ್ಜೆಗೆ ಬಂದಿತು.

ಅದೇ 2011ರ ಸೆಪ್ಟೆಂಬರಿನಲ್ಲಿ ತೋಳ ಬಂದದ್ದು ಗೆಳೆಯನ ವೇಷದಲ್ಲಿ. ಹಿಂದೆ ರೋಮಾದಲ್ಲಿ ಜೊತೆಗೆ ಆಡಿ ಬೆಳೆದವನೊಬ್ಬ ಫರೀನಾನನ್ನು ಕಂಡು, ನವೆಂಬರ್ 30ರಂದು ಚೆಸೇನಾ ತಂಡದೊಡನೆ ನಡೆಯಲಿದ್ದ ಪಂದ್ಯದ ಫಲಿತಾಂಶವನ್ನು ಮುಂಚೆಯೇ ಗೊತ್ತುಮಾಡಿಕೊಡಬೇಕೆಂದು ಕೇಳಿದ. ಅದಕ್ಕೆ ಪ್ರತಿಫಲ 2 ಲಕ್ಷ ಯೂರೋ, ಅಂದಿನ ಲೆಕ್ಕದಲ್ಲಿ ಒಂದೂಕಾಲು ಕೋಟಿ ರೂಪಾಯಿಗೂ ಮೇಲೆ. ಹಣದ ಹಿಂದೆ ಸಿಂಗಪುರದವರೆಗೆ ಚಾಚಿದ ಜೂಜುಕೋರರ ಜಾಲವಿತ್ತೆಂಬುದು ಕ್ರೆಮೋನಾ ನಗರದ ಸರ್ಕಾರಿ ವಕೀಲರ ಆರೋಪ. ಮಟ್ಕಾ ಚೀಟಿಯ ಮೂಲ ಎಲ್ಲಿರುತ್ತದೆ, ಸಿಕ್ಕಿಬೀಳುವವನು ಯಾರೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಇಂಥವರು ಕೆಳದರ್ಜೆಯ ಆಟಗಾರನನ್ನು ಹುಡುಕಿ ಬರುವುದಕ್ಕೂ ಕಾರಣವುಂಟು. ಅವನ ಸಂಪಾದನೆ ಸಣ್ಣದು, ಕರಾರಿನ ಅವಧಿ ಸಣ್ಣದು, ಆಟದ ವಯಸ್ಸು ಇನ್ನೂ ಸಣ್ಣದು.

ಫರೀನಾ ಒಲ್ಲೆನೆಂದ. ಅಷ್ಟಕ್ಕೇ ಬಿಡದೆ ವಿಷಯವನ್ನು ಅಧಿಕಾರಿಗಳಿಗೆ ತಿಳಿಸಿದ. ಡಿಸೆಂಬರಿನಲ್ಲಿ 17 ಮಂದಿ ಬಂಧಿತರಾದರು. ಅವರಲ್ಲಿ ಮೊದಲ ದರ್ಜೆಯಲ್ಲಿ ಹೆಸರು ಮಾಡಿದವರೂ ಇದ್ದರು.

ಆಮೇಲೆ ಸನ್ಮಾನಗಳ ಮಳೆ! 2012ರ ಜನವರಿಯಲ್ಲಿ ಜೂರಿಕ್ ನಗರದ ಮಹಾಸಭೆಯಲ್ಲಿ, ಜಗತ್ತಿನ ಪ್ರಖ್ಯಾತ ಆಟಗಾರರ ಸಮ್ಮುಖದಲ್ಲಿ, ಫಿಫಾ ಸಂಸ್ಥೆ ಆತನನ್ನು ನ್ಯಾಯದ ಆಟದ ರಾಯಭಾರಿಯೆಂದು ಸಾರಿತು. ಇಟಲಿಯ ರಾಷ್ಟ್ರೀಯ ತಂಡದ ತರಬೇತಿಗಾರ ಪ್ರಾಂಡೆಲ್ಲಿ ತಮ್ಮ ತಂಡದೊಡನೆ ಅಭ್ಯಾಸ ಮಾಡಲು ಆತನನ್ನು ಕರೆಸಿಕೊಂಡರು. ಚಪ್ಪಾಳೆಗೆ ಕೊರತೆಯಿರಲಿಲ್ಲ.

ಆ ಬೇಸಿಗೆಯಲ್ಲಿ ಗುಬ್ಬಿಯೋ ಮತ್ತೆ ಕೆಳದರ್ಜೆಗೆ ಇಳಿಯಿತು. ಫರೀನಾ ತಂಡದಿಂದ ಹೊರಬಂದ. ಮೂವತ್ತು ವರ್ಷ ವಯಸ್ಸು. ತಡೆಯುವ ಆಟಗಾರನಿಗೆ ಅದು ಮುದಿತನವಲ್ಲ. ಆದರೂ ಆತ ಮತ್ತೆ ಯಾವ ತಂಡದ ಪರವಾಗಿಯೂ ಆಡಲಿಲ್ಲ. ಸೆಪ್ಟೆಂಬರಿನಲ್ಲಿ ಕೆಲಸ ಕೊಟ್ಟದ್ದು ಪರದೇಶದ ತಂಡ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್ ವಿಲ್ಲಾ. ಅದೂ ಆಡುವ ಕೆಲಸವಲ್ಲ, ಊರ ಮಕ್ಕಳಿಗೆ ಆಟ ಕಲಿಸುವ ಕೆಲಸ. ಗೌರವದ ಕೆಲಸವೇ ಸರಿ. ಆದರೆ ಆಟಗಾರನಾಗಿ ಆತನ ಬದುಕು ಅಲ್ಲಿಗೆ ಮುಗಿಯಿತು.

ಯಾರಾದರೂ ಆತನನ್ನು ವಜಾ ಮಾಡಿದರೇ? ಇಲ್ಲ. ಗುಬ್ಬಿಯೋ ತಂಡ ಸೇಡು ತೀರಿಸಿಕೊಂಡಿತೆಂದೂ ನಾವು ಹೇಳುತ್ತಿಲ್ಲ. ಗಿರಣಿಯ ಗೇಟಿನಲ್ಲಿ ಬದಲಿ ಕೆಲಸಕ್ಕೆ ಕಾದು ನಿಂತವರು ಈ ಮಾತಿನ ಅರ್ಥ ಬಲ್ಲರು. ಬದಲಿಯವನನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ. ಅವನ ಹೆಸರನ್ನು ಕೂಗುವುದಿಲ್ಲ, ಅಷ್ಟೆ. ತೂಕದಲ್ಲಿ ಮೋಸ ಮಾಡದ ಅಂಗಡಿಯವನನ್ನು ಊರೆಲ್ಲ ಹೊಗಳಿ, ಸಾಮಾನನ್ನು ಮಾತ್ರ ಬೇರೆ ಕಡೆ ಕೊಳ್ಳುವುದೂ ಇದೇ ಬಗೆ. ಅಪರಾಧಿಯೆಂದು ಬೊಟ್ಟು ಮಾಡಿ ತೋರಿಸಲು ಯಾರೂ ಇಲ್ಲ. ಕೆಲಸ ಹೋದದ್ದು ಮಾತ್ರ ನಿಜ.

ಇದೇ ಪ್ರಕರಣದ ಸುಳಿಯಲ್ಲಿ ಆಂತೋನಿಯೋ ಕೊಂತೆ ಎಂಬ ಪ್ರಸಿದ್ಧ ತರಬೇತಿಗಾರರ ಹೆಸರೂ ಬಂದಿತ್ತು. ಗೊತ್ತಿದ್ದೂ ತಿಳಿಸಲಿಲ್ಲವೆಂದು ಆಟದ ನ್ಯಾಯಮಂಡಲಿ 2012ರಲ್ಲಿ ಅವರನ್ನು 10 ತಿಂಗಳು ದೂರವಿಟ್ಟು, ಬಳಿಕ ಅದನ್ನು 4 ತಿಂಗಳಿಗೆ ಇಳಿಸಿತು. ಅವರು ಆರೋಪವನ್ನು ಅಲ್ಲಗಳೆಯುತ್ತಲೇ ಬಂದರು. 2016ರಲ್ಲಿ ಕ್ರೆಮೋನಾದ ನ್ಯಾಯಾಲಯ ಅವರನ್ನು ಖುಲಾಸೆಯನ್ನೂ ಮಾಡಿತು. ಅವರ ತಪ್ಪೊಪ್ಪುಗಳ ವಿಚಾರಣೆ ನಮ್ಮದಲ್ಲ. ಆದರೆ ಅವಧಿ ಮುಗಿದೊಡನೆ ಅವರ ಪೀಠ ಅವರಿಗಾಗಿ ಕಾದಿತ್ತು. 2014ರಲ್ಲಿ ಅವರು ರಾಷ್ಟ್ರೀಯ ತಂಡದ ತರಬೇತಿಗಾರರೂ ಆದರು. ತಿಳಿಸಿದ ಫರೀನಾನಿಗಾಗಿ ಯಾವ ಅಂಗಿಯೂ ಕಾದಿರಲಿಲ್ಲ.

ಪ್ರಾಮಾಣಿಕರೆಲ್ಲರಿಗೂ ಇದೇ ಗತಿಯೆಂದು ನಾವು ಹೆದರಿಸಬಯಸುವುದಿಲ್ಲ. ಲುಮೆಜಾನೆ ತಂಡದ ಫಾಬಿಯೋ ಪಿಸಕಾನೆ ಕೂಡ ತಡೆಯುವ ಆಟಗಾರನೇ. 2011ರಲ್ಲಿ 50 ಸಾವಿರ ಯೂರೋ ಆಮಿಷವನ್ನು ತಳ್ಳಿಹಾಕಿ ದೂರು ಕೊಟ್ಟ ಆತ 2016ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಕಾಲ್ಯಾರಿ ತಂಡದ ಪರವಾಗಿ ಮೊದಲ ದರ್ಜೆಯಲ್ಲಿ ಆಡಿ ಕಣ್ಣೀರಿಟ್ಟ. ಸಂತೋಷದ ಸಂಗತಿಯೇ. ಆದರೆ ಒಬ್ಬನ ಅದೃಷ್ಟವನ್ನು ತೋರಿಸಿ ಇನ್ನೊಬ್ಬನ ಹಕ್ಕಿನ ಪ್ರಶ್ನೆಯನ್ನು ಮುಚ್ಚಿಹಾಕಲಾಗದು. ದೂರು ಕೊಟ್ಟವನಿಗೆ ಪದಕ ಕೊಡುವ ಸಂಘಸಂಸ್ಥೆಗಳು ಎರಡು ವರ್ಷದ ಸಂಬಳದ ಹೊಣೆಯನ್ನೂ ಹೊರಲಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಒಳಗಿನ ಅಕ್ರಮವನ್ನು ಬಯಲಿಗೆಳೆದ ಕೆಲಸಗಾರನ ರಕ್ಷಣೆಗೆ ಇಟಲಿ 2017ರಲ್ಲಿ ಒಂದು ಕಾಯಿದೆ ಮಾಡಿತು. 2023ರ ಶಾಸನದಲ್ಲಿ, ಅವಧಿ ಮುಗಿದ ಕರಾರನ್ನು ನವೀಕರಿಸದಿರುವುದನ್ನೂ ಸೇಡಿನ ಕ್ರಮಗಳ ಪಟ್ಟಿಗೆ ಸೇರಿಸಿತು. ಆ ವೇಳೆಗೆ ಫರೀನಾನಿಗೆ 41 ವರ್ಷ.